ಶುಕ್ರವಾರದ ವ್ಯಾನು, ಥರ್ಮೊಕೋಲಿನ ಬಸ್ಸು

ಮೇ ತಿಂಗಳ ಮೊದಲ ಶುಕ್ರವಾರ ನಮ್ಮ ಕಾಂಪೌಂಡಿನ ವ್ಯಾನಿನಲ್ಲಿ ಒಂದು ಬಸ್ಸಿಗೆ ಸೀಟು ಸಿಕ್ಕಿತು. ಒಬ್ಬ ಹೆಂಗಸಿಗೆ ಸಿಗಲಿಲ್ಲ.

ಬಸ್ಸು ಎಂದರೆ ಥರ್ಮೊಕೋಲಿನ ಬಸ್ಸು. ನನ್ನ ಮಗಳು ರಿಯಾ ಹತ್ತನೇ ಕ್ಲಾಸು. ಅವಳ ಹಿಸ್ಟರಿ ಟೀಚರ್ ಎಲ್ಲರಿಗೂ ಒಂದೊಂದು ಪ್ರಾಜೆಕ್ಟ್ ಹಂಚಿದ್ದರು. ಪಕ್ಕದ ಬೆಂಚಿನ ಹುಡುಗಿಗೆ ಈಜಿಪ್ಟಿನ ಪಿರಮಿಡ್ಡು ಬಂತು. (ಪುಣ್ಯವಂತೆ. ನಾಲ್ಕು ತ್ರಿಕೋನ ಅಂಟಿಸಿದರೆ ಮುಗಿಯಿತು.) ನಮ್ಮವಳ ಪಾಲಿಗೆ ಬಂದದ್ದು ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟ ಮತ್ತು ಅಲ್ಲಿನ ಕೋರ್ಟು ತೀರ್ಪುಗಳು. ತೀರ್ಪನ್ನು ಥರ್ಮೊಕೋಲಿನಲ್ಲಿ ಮಾಡುವುದು ಹೇಗೆ?

ಹಾಗಾಗಿ ಬಸ್ಸು ಮಾಡಿದಳು. ಮಾಂಟ್ಗೊಮರಿ ಎಂಬ ಊರಿನ ಸಿಟಿ ಬಸ್ಸು. ಬೆಂಕಿಪೊಟ್ಟಣಗಳ ಸೀಟು. ಮುಂದಿನ ಸಾಲುಗಳಿಗೆ ಬಿಳಿ ಕಾಗದ, ಹಿಂದಿನವಕ್ಕೆ ಕಂದು ಕಾಗದ. ನಡುವಿನ ಸೀಟುಗಳಿಗೆ ಯಾವ ಬಣ್ಣ ಅಂಟಿಸುವುದೆಂದು ಒಂದು ಸಂಜೆಯಿಡೀ ಯೋಚಿಸಿದಳು. ಯಾಕೆಂದರೆ ಅಲ್ಲಿ ಕರಿಯರು ಕೂರಬಹುದಿತ್ತು, ಬಿಳಿಯರಿಗೆ ಬೇಕಾಗುವವರೆಗೆ. ಬೇಕಾದ ಕೂಡಲೇ ಏಳಬೇಕು.

"ಮತ್ತೆ ಒಬ್ಬರು ಏಳ್ಲಿಲ್ಲ, ಮಮ್ಮಾ. ಅಷ್ಟೇ ಆದದ್ದು," ಎಂದಳು.

ಅಷ್ಟೇ ಆದದ್ದು.

ಈಗ ನಮ್ಮ ವ್ಯಾನಿನ ವಿಷಯ. ನಾವಿರುವುದು ಬಹರೈನಿನ ಬುದಯ್ಯದ ಕಡೆ, ಖರ್ಜೂರದ ತೋಟವೊಂದಕ್ಕೆ ಒರಗಿಕೊಂಡ ಕಾಂಪೌಂಡಿನಲ್ಲಿ. ಹೆಚ್ಚಿನವರು ಮಂಗಳೂರು, ಉಡುಪಿ ಕಡೆಯ ಕ್ರಿಶ್ಚಿಯನ್ನರು. ಇಲ್ಲಿ ವಾರದ ರಜೆ ಶುಕ್ರವಾರ, ಹಾಗಾಗಿ ಅಂದು ಬೆಳಿಗ್ಗೆ ಹೆಂಗಸರು, ಮಕ್ಕಳು, ಮನೆಗೆಲಸದವರು ಎಲ್ಲ ಸೇರಿ ಮನಾಮಾದ ಚರ್ಚಿಗೆ ಹೋಗುತ್ತೇವೆ. ಗಂಡಂದಿರು ಸಂಜೆಯ ಪೂಜೆಗೆ ಹೋಗುತ್ತಾರೆ. (ಹೋಗುತ್ತೇವೆ ಎಂದು ಹೇಳುತ್ತಾರೆ.) ವ್ಯಾನು ಗಂಡಂದಿರ ಕಂಪೆನಿಯದು. ಓಡಿಸುವವರು ಮೂಲ್ಕಿಯ ಶೇಖರಣ್ಣ. ನಮ್ಮನ್ನು ಚರ್ಚಿನ ಗೇಟಿನಲ್ಲಿ ಇಳಿಸಿ, ತಾವು ಸೂಕಿನ, ಅಂದರೆ ಹಳೇ ಪೇಟೆಯ, ಒಳಗಿನ ದೇವಸ್ಥಾನಕ್ಕೆ ಹೋಗಿ, ಹಣೆಗೆ ಗಂಧ ಇಟ್ಟುಕೊಂಡು ಬರುತ್ತಾರೆ.

ವ್ಯಾನಿನಲ್ಲಿ ಯಾರು ಎಲ್ಲಿ ಕೂರಬೇಕೆಂದು ಯಾವ ನಿಯಮವೂ ಇಲ್ಲ. ಆದರೆ ಎಲ್ಲರಿಗೂ ಗೊತ್ತು.

ಬಾಗಿಲ ಪಕ್ಕದ ಒಂಟಿ ಸೀಟು ಐರಿನ್ ಬಾಯಿಯದು. ಕಾಂಪೌಂಡಿನ ಲೇಡೀಸ್ ಕಮಿಟಿಗೆ ಅವರೇ ಪ್ರೆಸಿಡೆಂಟ್. ನಡುವಿನ ಸಾಲುಗಳು ನಮ್ಮಂಥವರದು. ಕೊನೆಯ ಉದ್ದದ ಬೆಂಚು ಮನೆಗೆಲಸದವರದು. ಅಲ್ಲಿಗೆ ಹೋಗಲು ಮಡಚುವ ಸೀಟೊಂದನ್ನು ಎತ್ತಿ, ಓರೆಯಾಗಿ ನುಗ್ಗಿ, ಎತ್ತರದ ಮೆಟ್ಟಿಲು ಹತ್ತಬೇಕು. ಅಲ್ಲಿಯ ಎ.ಸಿ.ಯಿಂದ ಗಾಳಿ ಬರುವುದಿಲ್ಲ. ಶಬ್ದ ಬರುತ್ತದೆ.

ನನ್ನದು ಎಡಗಡೆಯ ಇಬ್ಬರ ಸೀಟು. ರಿಯಾ ನನ್ನ ಪಕ್ಕ ಕೂರುವ ವಯಸ್ಸು ದಾಟಿ ಮುಂದಿನ ಸಾಲಿಗೆ ಹೋಗಿದ್ದಾಳೆ, ಇಯರ್‌ಫೋನಿನ ಜೊತೆ. ನನ್ನ ಪಕ್ಕ ನನ್ನ ಹ್ಯಾಂಡ್‌ಬ್ಯಾಗ್ ಕೂರುತ್ತದೆ. ಅದರಲ್ಲಿ ಜಪಮಾಲೆ, ಹಾಡಿನ ಪುಸ್ತಕ, ನೀರಿನ ಬಾಟಲಿ, ಚರ್ಚಿನ ಎ.ಸಿ.ಗೆಂದು ಒಂದು ಸ್ವೆಟರು.

ಇದೇನು ಬಹರೈನಿನಲ್ಲಿ ಕಲಿತ ವಿದ್ಯೆಯಲ್ಲ. ನಮ್ಮೂರಿನ ಇಗರ್ಜಿಯಲ್ಲೂ ಮುಂದಿನ ಬೆಂಚಿನ ಮೇಲೆ ಯಾರ ಹೆಸರೂ ಬರೆದಿರಲಿಲ್ಲ. ಹೊಸಬರು ಯಾರಾದರೂ ಅಲ್ಲಿ ಕೂತರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಬೆಂಚಿನ ಮನೆತನದವರು ಬಂದು ಪಕ್ಕದಲ್ಲಿ ನಿಂತು ಕೆಮ್ಮುತ್ತಿದ್ದರು. ಎರಡನೇ ಕೆಮ್ಮಿಗೆ ಜಾಗ ಖಾಲಿ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಹೇಳುತ್ತಿದ್ದರು, ದೇವರ ಮುಂದೆ ಎಲ್ಲರೂ ಒಂದೇ, ಈಗ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿ.

ಆ ಶುಕ್ರವಾರ ನಾನು ಹ್ಯಾಂಡ್‌ಬ್ಯಾಗನ್ನು ಕಾಲ ಬುಡದಲ್ಲಿಟ್ಟು, ಅದರ ಸೀಟಿನಲ್ಲಿ ಥರ್ಮೊಕೋಲಿನ ಬಸ್ಸನ್ನು ಕೂರಿಸಿದ್ದೆ. ಪೂಜೆ ಮುಗಿಸಿ ಅದನ್ನು ಮನಾಮಾದಲ್ಲಿರುವ ರಿಯಾಳ ಗೆಳತಿಯ ಮನೆಗೆ ತಲುಪಿಸಬೇಕಿತ್ತು. ಪೇಂಟಿಂಗ್ ಬಾಕಿ ಇತ್ತು.

ಹತ್ತುವಾಗ ನೋಡಿದರೆ ಬಾಗಿಲ ಪಕ್ಕದ ಸೀಟಿನಲ್ಲಿ ಸೆವ್ರಿನ್ ಬಾಯಿ ಕೂತಿದ್ದಾರೆ.

ಸೆವ್ರಿನ್ ಬಾಯಿ ಶಿರ್ವದ ಕಡೆಯವರು. ಐವತ್ತು ದಾಟಿದವರು. ಐರಿನ್ ಬಾಯಿಯ ಮನೆಯಲ್ಲೇ ಕೆಲಸ, ಬಹಳ ವರ್ಷಗಳಿಂದ. ಚರ್ಚಿನ ಕೊಂಕಣಿ ಕ್ವಾಯರಿನಲ್ಲಿ ಹಾಡುತ್ತಾರೆ. ಅವರ ಸ್ವರ ಇಲ್ಲದಿದ್ದರೆ ಕ್ವಾಯರ್ ಎರಡನೇ ಚರಣದಲ್ಲಿ ದಾರಿ ತಪ್ಪುತ್ತದೆ. ಮೇ ಕೊನೆಯಲ್ಲಿ ಮಾತೆಯ ಹಬ್ಬದ ಪೂಜೆಗೆ ಒಂದು ಚರಣವನ್ನು ಅವರೊಬ್ಬರೇ ಹಾಡಬೇಕೆಂದು ನಿಶ್ಚಯವಾಗಿತ್ತು. ವಾರವಿಡೀ ಐರಿನ್ ಬಾಯಿಯ ಅಡುಗೆಮನೆಯ ಕಿಟಕಿಯಿಂದ ಆ ಒಂದೇ ಚರಣ ಕೇಳಿಸುತ್ತಿತ್ತು. ಮೀನು ಹುರಿಯುವ ಶಬ್ದದ ಜೊತೆ.

ಐರಿನ್ ಬಾಯಿ ಎಂದಿನಂತೆ ಕೊನೆಗೆ ಬಂದರು.

"ಎಂತ ಸೆವ್ರಿನ್, ಇಲ್ಲಿ ಕೂತದ್ದು?"

"ಮೊಣಗಂಟು ನೋವು ಬಾಯಿ. ಇವತ್ತು ಹಿಂದೆ ಹತ್ಲಿಕ್ಕೆ ಆಗುದಿಲ್ಲ."

"ಮತ್ತೆ ನಾನು ಎಲ್ಲಿ ಕೂರುದು?"

"ಹಿಂದೆ ಜಾಗ ಉಂಟಲ್ಲ ಬಾಯಿ."

ಅವರು ಹೇಳಿದ್ದರಲ್ಲಿ ವ್ಯಂಗ್ಯ ಇರಲಿಲ್ಲ. ಅದು ಮಾಹಿತಿ. ಹಿಂದೆ ನಿಜವಾಗಿಯೂ ಜಾಗ ಇತ್ತು. ಆದರೆ ಶೇಖರಣ್ಣ ಯಾಕೋ ರೇಡಿಯೊ ಆಫ್ ಮಾಡಿದರು.

ಐರಿನ್ ಬಾಯಿ ನಕ್ಕರು. "ನೋಡಿ ಇವಳ ಜೋಕು! ಏಳು ಮಾರಾಯ್ತಿ, ಪೂಜೆಗೆ ತಡ ಆಗ್ತದೆ."

ಸೆವ್ರಿನ್ ಬಾಯಿ ಎದ್ದರು. ಹಿಂದೆ ಹೋಗುತ್ತಾರೆ ಎಂದುಕೊಂಡೆವು. ಅವರು ಸರಳನ್ನು ಹಿಡಿದುಕೊಂಡು ಕೆಳಗಿಳಿದರು.

"ನೀವು ಹೋಗಿ ಬನ್ನಿ ಬಾಯಿ," ಎಂದರು. ಕುಂಟುತ್ತಾ ಮನೆ ಕಡೆ ನಡೆದರು.

ರಿಯಾ ಒಂದು ಇಯರ್‌ಫೋನ್ ತೆಗೆದಳು. ತಿರುಗಿ ನನ್ನನ್ನು ನೋಡಿದಳು. ಆಮೇಲೆ ನನ್ನ ಪಕ್ಕದ ಸೀಟನ್ನು ನೋಡಿದಳು. ವ್ಯಾನು ತಿರುವು ತೆಗೆದುಕೊಂಡಿತು. ಬಸ್ಸು ಬೀಳದಂತೆ ನಾನು ಕೈ ಅಡ್ಡ ಇಟ್ಟೆ.

ಆ ದಿನ ಕ್ವಾಯರ್ ಎರಡನೇ ಚರಣದಲ್ಲಿ ದಾರಿ ತಪ್ಪಿತು.

ಐರಿನ್ ಬಾಯಿ ಕೆಟ್ಟವರಲ್ಲ. ಸೆವ್ರಿನ್ ಬಾಯಿಗೆ ಜ್ವರ ಬಂದಾಗ ತಾವೇ ಗಂಜಿ ಮಾಡಿ, ಸಲ್ಮಾನಿಯಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅರ್ಧ ದಿನ ಕಾದು ಕೂತವರು. ಅಲ್ಲಿ ಪಕ್ಕಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಆಸ್ಪತ್ರೆಯಲ್ಲಿ ಆಗುವುದು ವ್ಯಾನಿನಲ್ಲಿ ಯಾಕೆ ಆಗುವುದಿಲ್ಲ? ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಟೋಕನ್ ಕೊಡುತ್ತಾರೆ, ಅದಕ್ಕಿರಬಹುದು.

ಮುಂದಿನ ಶುಕ್ರವಾರ ಕೊನೆಯ ಬೆಂಚು ಖಾಲಿ. ಸೆವ್ರಿನ್ ಬಾಯಿ ಬರಲಿಲ್ಲ. ಎದುರು ವಿಲ್ಲಾದಲ್ಲಿ ಕೆಲಸಕ್ಕಿರುವ ಶ್ರೀಲಂಕಾದ ಹುಡುಗಿ ಶಿರೋಮಿ ಬರಲಿಲ್ಲ. ಉಳಿದವರೂ ಬರಲಿಲ್ಲ. ಹೈವೇ ತಲುಪಿದಾಗ ಕಂಡರು. ಎಲ್ಲರೂ ಸ್ಟಾಪಿನಲ್ಲಿ ಕೊಡೆ ಹಿಡಿದುಕೊಂಡು, ಮನಾಮಾಕ್ಕೆ ಹೋಗುವ ಕೆಂಪು ಬಸ್ಸಿಗೆ ಕಾಯುತ್ತಿದ್ದರು. ಶೇಖರಣ್ಣ ಅಭ್ಯಾಸಬಲದಿಂದ ಸ್ಲೋ ಮಾಡಿದರು. ಮತ್ತೆ ಫಾಸ್ಟ್ ಮಾಡಿದರು.

ಮನೆಗೆ ಬಂದ ಮೇಲೆ ರಿಯಾ ತನ್ನ ಫೈಲು ತೆರೆದು ಓದಿ ಹೇಳಿದಳು. ಆ ಒಬ್ಬರು ಏಳದಿದ್ದ ಮೇಲೆ ಮಾಂಟ್ಗೊಮರಿಯ ಕರಿಯರು ಬಸ್ಸು ಹತ್ತುವುದನ್ನೇ ನಿಲ್ಲಿಸಿದರಂತೆ. ಅವರಲ್ಲೂ ದೊಡ್ಡ ಸಂಖ್ಯೆ ಬೇರೆಯವರ ಅಡುಗೆಮನೆಯಲ್ಲಿ ದುಡಿಯುವ ಹೆಂಗಸರದಂತೆ. ವರ್ಷಕ್ಕೂ ಹೆಚ್ಚು ಕಾಲ ನಡೆದರಂತೆ.

"ಅವರ ಮೇಡಂಗಳು ಎಂತ ಮಾಡಿದ್ರು?" ನಾನು ಕೇಳಿದೆ.

"ಕೆಲವರು ತಮ್ಮದೇ ಕಾರಲ್ಲಿ ಕರ್ಕೊಂಡು ಬಂದ್ರಂತೆ."

"ಹೌದಾ? ಒಳ್ಳೆಯವರು."

"ಮಮ್ಮಾ, ಮತ್ತೆ ಅಡುಗೆ ಯಾರು ಮಾಡುದು?"

ಅದೇ ಹೊತ್ತಿಗೆ ಐರಿನ್ ಬಾಯಿಯ ಮನೆಯಲ್ಲೂ ಅದೇ ಪ್ರಶ್ನೆ ಎದ್ದಿತ್ತು. ಕೆಂಪು ಬಸ್ಸಿನವರು ಪೂಜೆ ಮುಗಿಸಿ, ಸೂಕಿನಲ್ಲಿ ಸುತ್ತಿ, ಕರಕ್ ಚಹಾ ಕುಡಿದು ಬರುವಾಗ ಊಟದ ಹೊತ್ತು ಮೀರಿತ್ತು. ಅಂದು ಕಾಂಪೌಂಡಿನಲ್ಲಿ ಬಹಳ ಮಂದಿ ಬ್ರೆಡ್ಡು ತಿಂದರು. ನಮ್ಮಲ್ಲಿ ಮಾತ್ರ ಊಟ ಸರಿಯಾದ ಹೊತ್ತಿಗಾಯಿತು. (ನಮ್ಮ ಮನೆಯಲ್ಲಿ ಕೆಲಸದವರಿಲ್ಲ. ಆ ಹುದ್ದೆ ನನ್ನದು.)

ಮೂರನೇ ಶುಕ್ರವಾರ ನಾನು ಕಣ್ಣಾರೆ ಕಂಡದ್ದು. ಐರಿನ್ ಬಾಯಿಯ ಗಂಡ ಆಲ್ಬರ್ಟ್ ನಿದ್ದೆಗಣ್ಣಿನಲ್ಲಿ, ನೈಟ್ ಡ್ರೆಸ್ಸಿನ ಮೇಲೆ ಶರ್ಟು ಹಾಕಿಕೊಂಡು, ಬಸ್‌ಸ್ಟಾಪಿನಲ್ಲಿ ಕಾರು ನಿಲ್ಲಿಸಿದ್ದಾರೆ. ಪೂಜೆ ಮುಗಿದ ಕೂಡಲೇ ವಾಪಸ್ ಕರೆತರುವ ಆರ್ಡರು ಕೂಡ ಅವರಿಗೇ. ಸೆವ್ರಿನ್ ಬಾಯಿ ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ವ್ಯಾನಿನಲ್ಲಿ ಹಿಂದಿನ ಸೀಟು ಕೆಲಸದವರದು. ಕಾರಿನಲ್ಲಿ ಹಿಂದಿನ ಸೀಟು ಸಾಹೇಬರದು. ಬ್ಯಾಂಕ್ ಮ್ಯಾನೇಜರರಂತೆ ಕಿಟಕಿಯಾಚೆ ನೋಡುತ್ತಾ ಅವರು ಹೊರಟರು.

ಆದರೂ ಚರ್ಚು ತಲುಪುವಾಗ ತಡವಾಗಿತ್ತು. ಹಿಂದಿನ ವಾರವೂ ಬಸ್ಸು ತಡ. ಕ್ವಾಯರ್ ಮಾಸ್ಟರ್ ಅವರನ್ನು ಪಕ್ಕಕ್ಕೆ ಕರೆದು ಹೇಳಿದ್ದು ನನಗೂ ಕೇಳಿಸಿತು. "ಸೆವ್ರಿನ್ ಬಾಯಿ, ಮುಂದಿನ ವಾರ ಹಬ್ಬ. ಪೂಜೆಗೆ ಮೊದಲಿನ ಪ್ರಾಕ್ಟೀಸಿಗೆ ನೀವು ಇಲ್ಲದಿದ್ರೆ ಆ ಚರಣ ಬೇರೆಯವರಿಗೆ ಕೊಡ್ಬೇಕಾಗ್ತದೆ. ಬೇಜಾರು ಮಾಡ್ಬೇಡಿ."

ಅವರು ತಲೆಯಾಡಿಸಿದರು. ಮುಸುಕನ್ನು ಸರಿಮಾಡಿಕೊಂಡರು. ಸರಿಯಾಗಿಯೇ ಇದ್ದ ಮುಸುಕು.

ಆ ವಾರ ಐರಿನ್ ಬಾಯಿಯ ಮನೆಯಲ್ಲಿ ಕಮಿಟಿ ಮೀಟಿಂಗು. ಹಬ್ಬದ ಹೂವಿನ ಅಲಂಕಾರದ ಚರ್ಚೆ ಎಂದು ಗ್ರೂಪಿನಲ್ಲಿ ಮೆಸೇಜು. ಹೂವಿನ ವಿಷಯ ಬೇಗ ಮುಗಿಯಿತು. ರಿಯಾ ಕೂಡ ಬಂದಿದ್ದಳು. ನಾನು ಮಾಡಿದ ಕೇಕಿನ ಡಬ್ಬಿ ಹಿಡಿದುಕೊಳ್ಳಲು.

"ನಾನು ಯೋಚನೆ ಮಾಡಿದ್ದೇನೆ," ಐರಿನ್ ಬಾಯಿ ಶುರು ಮಾಡಿದರು. "ಅವರಿಗೆ ಬೇರೆ ಟ್ರಿಪ್ ಮಾಡುವ. ಅದೇ ವ್ಯಾನು, ಅದೇ ಶೇಖರಣ್ಣ. ಅವರು ಎಲ್ಲಿ ಬೇಕಾದ್ರೂ ಕೂರ್ಲಿ. ನಾವು ನಮ್ಮ ಟೈಮಿಗೆ ಹೋಗುವ. ಅವರಿಗೂ ಒಂದೇ, ನಮಗೂ ಒಂದೇ."

ಎಲ್ಲರೂ ಒಪ್ಪಿದರು. ನ್ಯಾಯವಾಗಿ ಕೇಳಿಸುವ ಮಾತನ್ನು ಯಾರು ತಾನೇ ಒಪ್ಪುವುದಿಲ್ಲ?

"ಆಂಟಿ, ಇದು 1896," ಎಂದಳು ರಿಯಾ.

"ಎಂತದು?"

"ಅಮೆರಿಕದ ಸುಪ್ರೀಂ ಕೋರ್ಟ್ ಹೀಗೇ ಹೇಳಿತ್ತು. ಒಬ್ಬ ಶೂ ಹೊಲಿಯುವವನು ಬಿಳಿಯರ ರೈಲು ಬೋಗಿಯಲ್ಲಿ ಕೂತಿದ್ದ. ಕೋರ್ಟು ಹೇಳಿತು, ಬೇರೆ ಬೇರೆ ಇದ್ರೆ ತೊಂದ್ರೆ ಇಲ್ಲ, ಸಮಾನ ಇದ್ರೆ ಸಾಕು ಅಂತ."

"ನೋಡಿದ್ರಾ? ಸುಪ್ರೀಂ ಕೋರ್ಟೇ ಹೇಳಿದೆ," ಐರಿನ್ ಬಾಯಿಗೆ ಖುಷಿಯಾಯಿತು.

"ಆಮೇಲೆ 1954ರಲ್ಲಿ ಅದೇ ಕೋರ್ಟು ಶಾಲೆಗಳ ಕೇಸಲ್ಲಿ ಅದು ತಪ್ಪು ಅಂತ ಹೇಳಿತು. ಬೇರೆ ಕೂರಿಸಿದ ಮೇಲೆ ಸಮಾನ ಆಗ್ಲಿಕ್ಕೇ ಸಾಧ್ಯ ಇಲ್ಲ ಅಂತ."

"ಅಷ್ಟು ವರ್ಷ ಬೇಕಾಯ್ತಾ?" ಯಾರೋ ಕೇಳಿದರು.

"ಮತ್ತೆ? ದೊಡ್ಡ ದೇಶ ಅಲ್ವಾ," ಇನ್ಯಾರೋ ಸಮಾಧಾನ ಹೇಳಿದರು.

ನಾನು ಮೆಲ್ಲಗೆ ಹೇಳಿದೆ, "ಸೆವ್ರಿನ್ ಬಾಯಿಯನ್ನೇ ಕೇಳಬಹುದಲ್ಲ. ಒಳಗೇ ಇದ್ದಾರೆ."

ಒಂದು ಕ್ಷಣ ಎಲ್ಲರೂ ನನ್ನನ್ನು ನೋಡಿದರು. ಮನೆಯಲ್ಲಿ ಅಡುಗೆಮನೆ ಇದೆ ಎಂದು ಆಗ ನೆನಪಾದವರಂತೆ. ಸೆವ್ರಿನ್ ಬಾಯಿ ಸೆರಗಿನಲ್ಲಿ ಕೈ ಒರೆಸುತ್ತಾ ಬಂದು ಬಾಗಿಲಲ್ಲಿ ನಿಂತರು.

"ನಿಮಗೆಲ್ಲ ಬೇರೆ ಟ್ರಿಪ್ ಆದ್ರೆ ಖುಷಿ ಅಲ್ವಾ ಸೆವ್ರಿನ್?"

"ಎಷ್ಟೊತ್ತಿಗೆ ಬಾಯಿ?"

"ಬೇಗ. ಆರು ಗಂಟೆಗೆ."

"ಇಗರ್ಜಿಯ ಬಾಗಿಲು ತೆಗೆಯುದು ಏಳಕ್ಕೆ. ಅಲ್ಲಿವರೆಗೆ ಬಿಸಿಲಲ್ಲಿ ಎಂತ ಮಾಡುದು?"

"ಪ್ರಾರ್ಥನೆ ಮಾಡು."

"ಪ್ರಾರ್ಥನೆ ಇಲ್ಲೇ ಮಾಡ್ತೇನೆ ಬಾಯಿ. ನನಗೆ ಬಸ್ಸೇ ಸಾಕು. ಹತ್ತಿದ ಕೂಡ್ಲೇ ಸೀಟು ಉಂಟು. ಯಾರ್ದು ಅಂತ ಯಾರೂ ಕೇಳುದಿಲ್ಲ."

"ಬಸ್ಸಲ್ಲಿ ಹೋದ್ರೆ ಪ್ರಾಕ್ಟೀಸಿಗೆ ಮುಟ್ಟುದಿಲ್ಲ. ಮತ್ತೆ ನಿನ್ನ ಚರಣ?"

ಸೆವ್ರಿನ್ ಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಬೇರೆಯವ್ರು ಹಾಡ್ಲಿ," ಎಂದರು. "ಒಲೆಯಲ್ಲಿ ಸಾರು ಉಂಟು." ಒಳಗೆ ಹೋದರು.

ಮತ್ತೆ ಯಾರೂ ಕೇಕಿನ ಕಡೆ ಕೈ ಚಾಚಲಿಲ್ಲ. ಒಳಗಿನಿಂದ ಹಾಡು ಕೇಳಿಸಬೇಕಾದ ಹೊತ್ತು. ಕೇಳಿಸಲಿಲ್ಲ.

"ನಿಧಾನಕ್ಕೆ ಏನಾದ್ರೂ ಮಾಡುವ," ಐರಿನ್ ಬಾಯಿ ಹೇಳಿದರು. ದನಿ ಸ್ವಲ್ಪ ಇಳಿದಿತ್ತು. "ಒಮ್ಮೆಲೇ ಎಲ್ಲ ಬದಲಾಯಿಸ್ಲಿಕ್ಕೆ ಆಗುದಿಲ್ಲ."

"1955," ಎಂದಳು ರಿಯಾ.

ಅವಳ ಬಾಯಿ ಮುಚ್ಚಿಸುವುದು ನನ್ನ ಕರ್ತವ್ಯವಾಗಿತ್ತು. ಅವಳ ಬಾಯಿಗೆ ಕೇಕು ಹಾಕಿದೆ. ದಾರಿಯಲ್ಲಿ ಹೇಳಿದಳು: ಶಾಲೆಗಳನ್ನು ಎಷ್ಟು ಬೇಗ ಒಂದು ಮಾಡಬೇಕೆಂದು ಕೇಳಿದಾಗ ಆ ಕೋರ್ಟು, ಆಲೋಚಿಸಿಕೊಂಡು ಬೇಗ ಮಾಡಿ, ಎಂಬರ್ಥದಲ್ಲಿ ಉತ್ತರಿಸಿತಂತೆ. ಎಷ್ಟೋ ಊರಿನವರು 'ಬೇಗ'ವನ್ನು ಬಿಟ್ಟು ವರ್ಷಗಟ್ಟಲೆ ಆಲೋಚಿಸುತ್ತಾ ಕೂತರಂತೆ.

ನನಗೊಂದು ಸಂಶಯ. ಮಾಂಟ್ಗೊಮರಿಯಲ್ಲಿ ಕಾನೂನು ಇತ್ತು. ಇದ್ದದ್ದಕ್ಕೆ ಕೋರ್ಟು ಅದನ್ನು ರದ್ದು ಮಾಡಿತು. ನಮ್ಮ ವ್ಯಾನಿನಲ್ಲಿ ಕಾನೂನೇ ಇಲ್ಲ. ಇಲ್ಲದ ಕಾನೂನನ್ನು ಯಾವ ಕೋರ್ಟು ರದ್ದು ಮಾಡುತ್ತದೆ?

ಕೊನೆಗೆ ತೀರ್ಪು ಕೊಟ್ಟವರು ಶೇಖರಣ್ಣ. ಅವರಿಗೆ ಹಾಗಂತ ಗೊತ್ತೂ ಇಲ್ಲ. ಮರುದಿನ ಐರಿನ್ ಬಾಯಿ ಅವರನ್ನು ಗೇಟಿನ ಹತ್ತಿರ ನಿಲ್ಲಿಸಿ ಎರಡು ಟ್ರಿಪ್ಪಿನ ವಿಷಯ ಹೇಳಿದರು. ನಾನು ಕಸದ ಚೀಲ ಹಿಡಿದುಕೊಂಡು ಅಲ್ಲೇ ಇದ್ದೆ.

"ಆಗ್ತದೆ ಬಾಯಮ್ಮ. ನನಗೆ ಎಂತ? ಆದ್ರೆ ಎಕ್ಸ್‌ಟ್ರಾ ಟ್ರಿಪ್ಪಿಗೆ ಆಫೀಸಲ್ಲಿ ಕಾರಣ ಬರೆದು ಕೊಡ್ಬೇಕು. ಎಂತ ಅಂತ ಬರೀಲಿ?"

"ಬರೀರಿ... ಜಾಗ ಇಲ್ಲ ಅಂತ."

"ಜಾಗ ಉಂಟಲ್ಲ ಬಾಯಮ್ಮ."

"ಹಾಗಾದ್ರೆ ಬರೀರಿ..."

ಶೇಖರಣ್ಣ ಕಿಸೆಯಿಂದ ಪೆನ್ನು ತೆಗೆದು ಕಾದರು. ನಿಜಕ್ಕೂ ಬರೆಯಲು ತಯಾರಾಗಿ. ಐರಿನ್ ಬಾಯಿ ಖರ್ಜೂರದ ತೋಟದ ಕಡೆ ನೋಡಿದರು. ನಂತರ ನನ್ನ ಕಡೆ. ನಾನು ಕಸದ ಚೀಲದ ಗಂಟನ್ನು ಬಿಗಿ ಮಾಡಿದೆ. ಇಷ್ಟು ವರ್ಷ ಎಲ್ಲರಿಗೂ ಗೊತ್ತಿದ್ದ ಒಂದು ವಿಷಯವನ್ನು ಬರೆಯಲು ಅವರಿಗೆ ಒಂದು ಪದ ಸಿಗಲಿಲ್ಲ. ಸಿಗದೇ ಇರಲಿಲ್ಲ, ಸಿಕ್ಕಿತ್ತು. ಹೇಳಲು ಬಾಯಿ ಬರಲಿಲ್ಲ.

"ಬೇಡ ಬಿಡಿ," ಎಂದರು.

ಸಂಜೆ ಗ್ರೂಪಿನಲ್ಲಿ ಮೆಸೇಜು ಬಂತು. ಈ ಶುಕ್ರವಾರದಿಂದ ಫ್ರೀ ಸೀಟಿಂಗ್. ಕೆಳಗೆ ಮೂರು ಹೂವು, ಒಂದು ಕೈಮುಗಿದ ಚಿತ್ರ. ಸೆವ್ರಿನ್ ಬಾಯಿ ಆ ಗ್ರೂಪಿನಲ್ಲಿಲ್ಲ. ಐರಿನ್ ಬಾಯಿ ಅಡುಗೆಮನೆಗೆ ಹೋಗಿ ತಾವೇ ಹೇಳಿದರಂತೆ. ಏನು ಹೇಳಿದರೋ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ಕಿಟಕಿಯಿಂದ ಚರಣ ಕೇಳಿಸಿತು.

ಹಬ್ಬದ ದಿನ ಸೆವ್ರಿನ್ ಬಾಯಿ ಎಲ್ಲರಿಗಿಂತ ಮೊದಲು ಬಂದು ಬಾಗಿಲ ಪಕ್ಕದ ಸೀಟಿನಲ್ಲಿ, ಕಾಲು ನೀಡಿ ಕೂತರು. ಐರಿನ್ ಬಾಯಿ ಕೊನೆಗೆ ಬಂದರು. ಹೊಸ ಸಿಲ್ಕ್ ಸೀರೆ. ಸುತ್ತ ನೋಡಿದರು. ಹಿಂದೆ ಜಾಗ ಇತ್ತು. ಮಡಚುವ ಸೀಟನ್ನು ಎತ್ತಿ, ಓರೆಯಾಗಿ ನುಗ್ಗಿ, ಮೆಟ್ಟಿಲು ಹತ್ತಿ, ಶಿರೋಮಿ ಮತ್ತು ಇತರರ ನಡುವೆ ಕೂತರು. ಅದಕ್ಕೆ ಧೈರ್ಯ ಬೇಕು. ನನಗೆ ಅವರ ಮೇಲೆ ಗೌರವ ಬಂತು.

ಹೈವೇ ಸೇರುವ ಮೊದಲೇ ಹಿಂದಿನಿಂದ ದನಿ ಬಂತು.

"ಶೇಖರಣ್ಣಾ! ಇಲ್ಲಿ ಎ.ಸಿ. ಬರುದೇ ಇಲ್ವಾ?"

"ಇಲ್ಲ ಬಾಯಮ್ಮ."

"ಯಾವಾಗಿಂದ?"

"ಮೊದ್ಲಿಂದಲೂ ಇಲ್ಲ ಬಾಯಮ್ಮ."

ಚರ್ಚಿನಲ್ಲಿ ಸೆವ್ರಿನ್ ಬಾಯಿ ತಮ್ಮ ಚರಣ ಹಾಡಿದರು. ಅದರ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಅಳುತ್ತಿದ್ದ ಒಂದು ಮಗು ಸುಮ್ಮನಾಯಿತು ಎಂದಷ್ಟೇ ಹೇಳುತ್ತೇನೆ. ಐರಿನ್ ಬಾಯಿ ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಕಣ್ಣೀರೋ, ವ್ಯಾನಿನ ಬೆವರೋ, ನನಗೆ ಕಾಣಿಸಲಿಲ್ಲ.

ಮುಂದಿನ ಶುಕ್ರವಾರದ ಒಳಗೆ ಹಿಂದಿನ ಎ.ಸಿ. ರಿಪೇರಿಯಾಗಿತ್ತು. ಐರಿನ್ ಬಾಯಿ ಕಂಪೆನಿಗೆ ಒಂದು ಫೋನ್ ಮಾಡಿದ್ದರು. ಒಂದೇ ಫೋನು.

ರಿಯಾಳ ಪ್ರಾಜೆಕ್ಟಿಗೆ ಪರವಾಗಿಲ್ಲ ಎನ್ನುವಷ್ಟು ಮಾರ್ಕು ಬಂತು. ಟೀಚರ್ ಕೆಳಗೆ ಬರೆದಿದ್ದರು, ಸೀಟುಗಳನ್ನು ಇನ್ನಷ್ಟು ಗಟ್ಟಿಯಾಗಿ ಅಂಟಿಸಬೇಕಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಇಂಥ ಕಥೆಗಳು ಪ್ರಾಜೆಕ್ಟಿನಲ್ಲಿ ತೀರ್ಪು ಬಂದ ದಿನ ಮುಗಿಯುತ್ತವೆ.

ಮೊನ್ನೆ ಶುಕ್ರವಾರ. ಹೊರಗೆ ಬೆಳಿಗ್ಗೆಯೇ ಬೆಂಕಿ. ಸೆವ್ರಿನ್ ಬಾಯಿ ಮುಂದೆ, ಬಾಗಿಲ ಪಕ್ಕ, ಮೆಲ್ಲಗೆ ಗುನುಗುತ್ತಾ. ಐರಿನ್ ಬಾಯಿ ಈಗ ಖಾಯಂ ಆಗಿ ಹಿಂದೆಯೇ ಕೂರುತ್ತಾರೆ. ಎ.ಸಿ. ರಿಪೇರಿಯಾದ ಮೇಲೆ ಅಲ್ಲಿ ಫ್ರಿಜ್ಜಿನಂತಿದೆ. ಅವರನ್ನು ನೋಡಿ ಇನ್ನೂ ಕೆಲವು ಹೆಂಗಸರು ಅತ್ತ ಹೋಗಿದ್ದಾರೆ. ಮನೆಗೆಲಸದವರು ಈಗ ಅಲ್ಲಲ್ಲಿ, ಸಿಕ್ಕ ಕಡೆ. ಶಿರೋಮಿ ತಡವಾಗಿ ಓಡಿಬಂದಳು. ಅಭ್ಯಾಸಬಲದಿಂದ ನೇರ ಹಿಂದೆ ಹೋಗಿ, ಮಡಚುವ ಸೀಟನ್ನು ಎತ್ತಿದಳು.

"ಶಿರೋಮಿ," ಐರಿನ್ ಬಾಯಿ ಪ್ರೀತಿಯಿಂದಲೇ ಹೇಳಿದರು, "ದಿಸ್ ಈಸ್ ಅವರ್ ಸೀಟ್, ನಾ?"

ಶಿರೋಮಿ ಮಡಚುವ ಸೀಟನ್ನು ಮೆಲ್ಲಗೆ ಇಳಿಸಿದಳು. ನಡುವಿನ ದಾರಿಯಲ್ಲಿ ನಿಂತಳು. ಎಲ್ಲರೂ ಕಿಟಕಿಯ ಹೊರಗೆ ನೋಡತೊಡಗಿದರು. ಹೊರಗೆ ನೋಡುವಂಥದ್ದೇನೂ ಇರಲಿಲ್ಲ, ಕಾಂಪೌಂಡಿನ ಗೋಡೆ. ಮುಂದೆ ಗುನುಗು ನಿಂತಿತು. ಶೇಖರಣ್ಣ ರೇಡಿಯೊ ಆಫ್ ಮಾಡಿದರು.

ರಿಯಾ ಒಂದು ಇಯರ್‌ಫೋನ್ ತೆಗೆದಳು. ತಿರುಗಿದಳು. ನನ್ನನ್ನು ನೋಡಲಿಲ್ಲ. ನನ್ನ ಪಕ್ಕದ ಸೀಟನ್ನು ನೋಡಿದಳು.

ಅಲ್ಲಿ ನನ್ನ ಹ್ಯಾಂಡ್‌ಬ್ಯಾಗ್ ಕೂತಿತ್ತು. ನಾವು ಈ ಕಾಂಪೌಂಡಿಗೆ ಬಂದಾಗಿನಿಂದಲೂ ಅಲ್ಲೇ ಕೂರುತ್ತಿದೆ. ಫ್ರೀ ಸೀಟಿಂಗ್ ಬಂದ ಮೇಲೂ ಅದು ಅಲುಗಾಡಿರಲಿಲ್ಲ. ಅದನ್ನು ಏಳು ಎಂದವರು ಯಾರೂ ಇಲ್ಲ.

"ಶಿರೋಮಿ, ಇಧರ್ ಆವೋ," ಎಂದೆ. ಬ್ಯಾಗನ್ನು ಎತ್ತಿ ಮಡಿಲಲ್ಲಿಟ್ಟುಕೊಂಡೆ.

ಒಂದು ಸೀಟು ಬೇಕಾಗುವಷ್ಟು ಭಾರವೇನೂ ಇರಲಿಲ್ಲ.